ಚೀಲ ತೆಗೆದ ತೆನೆಗಳು

ಚೀಲಗಳಷ್ಟೇ ಉಳಿದಿದ್ದವು. ತೆನೆಗಳು ಇರಲಿಲ್ಲ.

ಸೋಮವಾರ ಮುಂಜಾನೆ ಸಾಯಗಾಂವದ ಹೊಲದಲ್ಲಿ ಶರೋನ ಸಾಲಿನಿಂದ ಸಾಲಿಗೆ ಓಡಾಡಿದಳು. ಅವಳು ಕಾಗದದ ಚೀಲ ತೊಡಿಸಿ ಕಾಪಾಡಿದ್ದ ಜೋಳದ ತೆನೆಗಳನ್ನು ಯಾರೋ ಕೊಯ್ದು ಒಯ್ದಿದ್ದರು. ಚೀಲಗಳು ಬದುವಿನ ಮೇಲೆ, ಮಡಚಿ, ಕಲ್ಲಿನಡಿ ಇದ್ದವು. ಉಳಿದ ಬೆಳೆಗೆ ಯಾರೂ ಕೈ ಹಚ್ಚಿರಲಿಲ್ಲ.

ಶರೋನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆ ತಳಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ತಾಯಿ ಹನ್ನಾ ತೀರಿಕೊಂಡು ಮೂರು ವರ್ಷ. ಹನ್ನಾ ಗಡಿಗೆಯಲ್ಲಿ ಬೂದಿ ಬೆರೆಸಿ ಇಟ್ಟು ಹೋಗಿದ್ದ ನಾಟಿ ಜೋಳವನ್ನೇ ಮಗಳು ಬೇರೆ ಬೇರೆ ತಳಿಗಳೊಂದಿಗೆ ಕೂಡಿಸಿದ್ದಳು. ಆ ತೆನೆಗಳ ಕಾಳು ಬಿತ್ತಿದರೆ ಮಾತ್ರ ಓದು ಮುಂದೆ ಸಾಗುವುದು. ಅವ್ವನ ಜೋಳ ಇನ್ನೊಂದು ರೂಪದಲ್ಲಾದರೂ ಬೆಳೆಯುತ್ತಿರಬೇಕು ಎಂಬುದು ಅವಳು ಯಾರಿಗೂ ಹೇಳದ ಆಸೆ.

ಪಕ್ಕದ ಮನೆಯ ಗಿರಿಜಾಬಾಯಿ ಬೀದರಿನಲ್ಲಿ ಪೊಲೀಸ್ ಕೆಲಸ ಮಾಡಿ ನಿವೃತ್ತರಾದವರು. ಹೊಲಕ್ಕೆ ಬಂದವರು ಮೊದಲು ಹುಡುಗಿಗೆ ಚಹಾ ಕುಡಿಸಿದರು. ಆಮೇಲೆ ಕೇಳಿದರು.

"ಯಾರ ಮ್ಯಾಲ ಸಂಶಯ ಅದ?"

"ಸಂಘಪಾಲನ ಮ್ಯಾಲ, ಆಯಿ."

ಸಂಘಪಾಲ ಅವಳ ಜೊತೆಗೇ ಸಂಶೋಧನೆ ಮಾಡುವವನು, ಔರಾದದವನು. ಅವನು ಕೂಡಿಸಿದ್ದ ತೆನೆಗಳು ಈ ಸಲ ಕಾಳು ಕಟ್ಟಿರಲಿಲ್ಲ. ಶನಿವಾರ ಹೊಲಕ್ಕೂ ಬಂದಿದ್ದ. ಶರೋನ ಆಗ ಕಾಲೇಜಿನಲ್ಲಿದ್ದಳು, ರವಿವಾರ ರಾತ್ರಿಯಷ್ಟೇ ಊರಿಗೆ ಮರಳಿದ್ದಳು. ನೀರು ಬಿಡಲು ಅವಳೇ ಅವನಿಗೆ ಹೇಳಿದ್ದಳು. ಇವತ್ತೇ ಗೈಡ್‌ಗೆ ದೂರು ಕೊಡುತ್ತೇನೆ ಅಂದಳು.

"ಕೊಟ್ಟರ ಅವನ ಓದು ಮುಗೀತು," ಅಂದರು ಗಿರಿಜಾಬಾಯಿ. "ಎರಡು ದಿನ ತಾಳು."

ಕುರಿ ಕಾಯುವ ಪಂಢರಿಯನ್ನು ಅವರು ಮೊದಲು ವಿಚಾರಿಸಿದರು. ತನ್ನ ಕುರಿಗಳು ಕಾಗದವನ್ನೂ ತಿನ್ನುತ್ತವೆ, ಮಡಚಿ ಇಡುವಷ್ಟು ಶಾಣ್ಯಾ ಇಲ್ಲ ಅಂತ ಅವನು ನಕ್ಕ. ಸಂಘಪಾಲ ನಗಲಿಲ್ಲ. ಆರೋಪ ಕೇಳಿ ಎದ್ದು ಹೋದ. ಆದರೂ ಮರುದಿನ ಬಂದು, ಶನಿವಾರ ಅರ್ಧಕ್ಕೆ ಬಿಟ್ಟಿದ್ದ ಸಾಲುಗಳಿಗೆ ನೀರು ಬಿಟ್ಟು ಹೋದ.

ಶರೋನಳ ತಂದೆ ಎಬನೇಜರ ಮನೆಯಲ್ಲಿ ಇರಲಿಲ್ಲ. ಸೋಮವಾರ ಔರಾದಕ್ಕೆ ಹೋಗಿದ್ದ. ಮಂಗಳವಾರ ಮತ್ತೆ ಔರಾದ. ಎತ್ತು ನೋಡಲಿಕ್ಕೆ ಅಂದ. ಎತ್ತಿನ ಬಣ್ಣ ಯಾವುದು ಅಂತ ಗಿರಿಜಾಬಾಯಿ ಕೇಳಿದಾಗ ಕೈ ತೊಳೆಯಲು ಎದ್ದು ಹೋದ.

ಬುಧವಾರ ಸಂಜೆ ಅವರು ತಂದೆ, ಮಗಳು, ಸಂಘಪಾಲ ಮೂವರನ್ನೂ ಬದುವಿನ ಮೇಲೆ ಕೂಡಿಸಿದರು.

"ಯಾವ ತೆನಿ ಯಾವ ಜೋಡಿದು ಅಂತ ಎಲ್ಲಿ ಬರ್ದಿದ್ದಿ, ಶರೋನ?"

"ಚೀಲದ ಮ್ಯಾಲ."

"ಬೀಜ ಕದಿಯಾಂವ ಚೀಲ ಬಿಟ್ಟು ಹೋಗ್ತಾನೇನು? ಸಂಘಪಾಲಗ ಇದು ಗೊತ್ತಿಲ್ಲೇನು?"

ಶರೋನ ತಲೆ ತಗ್ಗಿಸಿದಳು.

"ಹೊಟ್ಟೆಕಿಚ್ಚಿಗೆ ಮಾಡಾಂವ ಮುರಿದು ಒಗಿತಾನ. ಕಾಗದ ಹಾರಬಾರದಂತ ಕಲ್ಲು ಇಡಂಗಿಲ್ಲ. ಎಲ್ಲಾರೂ ಚೀಲ ನೋಡಿದ್ರಿ, ಕೊಯ್ದ ದಂಟು ಯಾರೂ ನೋಡಲಿಲ್ಲ. ಕಾಳು ಬೇಕಾದಾಂವ ತೆನಿ ಕುತ್ತಿಗಿಗೇ ಕೊಯ್ತಾನ. ಇಲ್ಲಿ ನೆಲದ ಹತ್ತರ ಕೊಯ್ದಾರ—ದಂಟು ಉದ್ದ ಬೇಕಾಗಿತ್ತು. ಯಾಕ? ದಂಟು ಕೂಡಿಸಿ ಸಿವುಡು ಕಟ್ಟಿ ನಿಲ್ಲಸಲಿಕ್ಕ. ರವಿವಾರ ಜೋಳದ ಸಿವುಡು ಎಲ್ಲಿ ನಿಲ್ಲಸ್ತಾರ?"

ರವಿವಾರ ಬೀದರಿನ ಚರ್ಚಿನಲ್ಲಿ ಸುಗ್ಗಿ ಹಬ್ಬ ಇತ್ತು. ಪ್ರತಿ ಮನೆಯವರೂ ಮೊದಲ ಬೆಳೆ ತಂದು ವೇದಿಯ ಮುಂದೆ ಇಡುವರು. ಆರಾಧನೆ ಮುಗಿದ ಮೇಲೆ ಅದರ ಲಿಲಾವ ಆಗುವುದು; ಹೆಚ್ಚು ಬೆಲೆ ಕೂಗಿದವರು ಒಯ್ಯುವರು.

ಶರೋನ ನಿಧಾನವಾಗಿ ತಂದೆಯ ಕಡೆ ತಿರುಗಿದಳು.

"ಒಯ್ದಾಂವ ನಿಮ್ಮ ಪಪ್ಪಾನೇ. ಔರಾದಕ್ಕ ಎತ್ತು ನೋಡಲಿಕ್ಕ ಹೋಗಿದ್ದಿಲ್ಲ," ಅಂದರು ಗಿರಿಜಾಬಾಯಿ, ಸಣ್ಣ ದನಿಯಲ್ಲಿ.

ಎಬನೇಜರ ಟವೆಲಿನಿಂದ ಮುಖ ಒರೆಸಿಕೊಂಡ.

"ಪ್ರತಿ ವರ್ಷ ಹಬ್ಬಕ್ಕ ನಿಮ್ಮವ್ವ ತೆನಿ ಆರಿಸಿ ಇಡ್ತಿದ್ದಳು. ಆಕಿ ಹೋದ ಮ್ಯಾಲ ನಮ್ಮ ಮನಿದು ಅಲ್ಲಿ ಏನೂ ಇರಲಿಲ್ಲ. ಈ ಸಲ ಆಕಿ ಜೋಳನೇ ಬೆಳದದ. ಹಕ್ಕಿ ತಿನ್ನಬಾರದಂತ ಚೀಲ ಕಟ್ಟೀದಿ ಅಂತ ತಿಳದೆ. ಚೊಲೋ ತೆನಿ ಅವೇ ಇದ್ದವು."

ಸಿವುಡನ್ನು ಲಿಲಾವದಲ್ಲಿ ಹಿಡಿದವಳು ಔರಾದದ ನರ್ಸ್ ಶೀಬಾ. ಸೋಮವಾರ ಮಗಳ ಅಳು ನೋಡಿದ ಎಬನೇಜರ ನೇರ ಅಲ್ಲಿಗೆ ಹೋಗಿದ್ದ. ಅವಳು ಡ್ಯೂಟಿಯ ಮೇಲಿದ್ದಳು. ಮರುದಿನ ಮತ್ತೆ ಹೋದಾಗ ಅವಳು ಕಾರಣ ಕೇಳದೆ, ಬಾಗಿಲಿಗೆ ಕಟ್ಟಿದ್ದ ಸಿವುಡು ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದಳು. ತಂದು ಟ್ರಂಕಿನಲ್ಲಿಟ್ಟಿದ್ದ, ಮಗಳ ಕೈಗೆ ಕೊಡುವ ಧೈರ್ಯ ಮಾತ್ರ ಬಂದಿರಲಿಲ್ಲ.

ಈಗ ಮನೆಗೆ ಹೋಗಿ ತಂದು ಕೊಟ್ಟ. ಗುಬ್ಬಿಗಳು ಸ್ವಲ್ಪ ತಿಂದಿದ್ದವು. ಕಾಳು ಉಳಿದಿತ್ತು. ಆದರೆ ಯಾವ ತೆನೆ ಯಾವ ಚೀಲದ್ದು?

ಯಾರಿಗೂ ಗೊತ್ತಿರಲಿಲ್ಲ. ಬರುವ ಹಂಗಾಮಿನಲ್ಲಿ ಎಲ್ಲ ಮೊದಲಿನಿಂದ.

"ಒಂದು ವರ್ಷ ಹೋಯ್ತು," ಅಂದಳು ಶರೋನ. ಸಂಘಪಾಲನಿಗೆ ತಪ್ಪಾಯಿತು ಅಂದಳು. ತನ್ನದೂ ಹೋಗಿದೆಯಲ್ಲ, ಇಬ್ಬರೂ ಕೂಡಿ ಬಿತ್ತೋಣ ಅಂದ ಅವನು.

ಗಿರಿಜಾಬಾಯಿ, ಸಂಘಪಾಲ ಹೊರಡಲು ಎದ್ದರು. ಎಬನೇಜರ ಏಳಲಿಲ್ಲ. "ನಿಮ್ಮವ್ವ ಇದ್ದಿದ್ದರ ನಿನಗ ಕೇಳ್ತಿದ್ದಳು. ನನಗ ಕೇಳಲಿಕ್ಕ ನಾಚಿಕಿ. ಇಷ್ಟು ವರ್ಷ ಏನು ಓದ್ತಿದ್ದಿ? ಆ ಚೀಲದಾಗ ಏನಿತ್ತು?"

ಶರೋನ ಅವನ ಪಕ್ಕಕ್ಕೆ ಸರಿದು ಕುಳಿತಳು.

"ಜೋಳದ ಒಂದೊಂದು ಹೂವಿನಾಗ ಗಂಡು ಹೆಣ್ಣು ಎರಡೂ ಇರ್ತಾವ, ಪಪ್ಪಾ. ಅದು ಅರಳೂಕಿಂತ ಮೊದಲ..."