ಡ್ರಮ್ಮಿನ ಸಾಲಿನ ದಾರಿ

"ಮೇಜಿನ ಮೇಲೆ ವಾಚು ಇತ್ತು, ಡ್ರಾವರಿನಲ್ಲಿ ನಗದು ಇತ್ತು, ಒಂದನ್ನೂ ಮುಟ್ಟಲಿಲ್ಲ ಮಾರಾಯ್ರೆ. ಪಾಸ್‌ಪೋರ್ಟು ಮಾತ್ರ ಹೊತ್ಕೊಂಡು ಹೋಗಿದ್ದಾನೆ. ಇದು ಎಂಥ ಕಳ್ಳ?"

ಹೀಗೆ ಕೇಳಿದವನು ಪೂವಪ್ಪ, ಗಲ್ಫಿಗೆ ಆಳುಗಳನ್ನು ಕಳಿಸುವ ಏಜೆಂಟ್. 1976ರ ಮಾರ್ಚ್ 8, ಸೋಮವಾರ ಬೆಳಿಗ್ಗೆ ಮಾಟುಂಗದ ಠಾಣೆಗೆ ಬಂದವನು ಕೂರಲೂ ಒಲ್ಲ, ನಿಲ್ಲಲೂ ಒಲ್ಲ. ಗುರುವಾರದ ವಿಮಾನಕ್ಕೆ ಹದಿನಾಲ್ಕು ಜನರ ಟಿಕೇಟು ಆಗಿತ್ತು. ಅವರ ಪಾಸ್‌ಪೋರ್ಟುಗಳೆಲ್ಲ ಹೋಗಿದ್ದವು.

ಇನ್‌ಸ್ಪೆಕ್ಟರ್ ಗುರಲಿಂಗಪ್ಪ ಅಕ್ಕಲಕೋಟೆ ಕಡೆಯವರು. ಮರಾಠಿಯಲ್ಲಿ ಬರೆದು ಕನ್ನಡದಲ್ಲಿ ಯೋಚಿಸುವವರು. FIR ಬರೆಸಿ, ಕಾನ್‌ಸ್ಟೆಬಲ್ ಖಂಡಪ್ಪನನ್ನು ಕರೆದುಕೊಂಡು ಪೂವಪ್ಪನ ಆಫೀಸಿಗೆ ನಡೆದರು. ಮೊದಲ ಮಹಡಿಯಲ್ಲಿ ಒಂದೇ ಕೋಣೆ. ಬಾಗಿಲ ಬೀಗ ಹಾಕಿದ ಹಾಗೇ ಇತ್ತು. ಕೊಂಡಿಯ ಸ್ಕ್ರೂಗಳನ್ನು ಮಾತ್ರ ಬಿಚ್ಚಿ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದರು. ಬೀರುವನ್ನು ತೆರೆದದ್ದೂ ಹಾಗೆಯೇ. ಪಾನಾ, ಸ್ಕ್ರೂಡ್ರೈವರ್ ಹಿಡಿದು ಪಳಗಿದ ಕೈ ಎಂದು ಖಂಡಪ್ಪ ಪಂಚನಾಮೆಗೆ ಬರೆದುಕೊಂಡ.

ಕಸ ಗುಡಿಸುವ ದೇವಕ್ಕ ಮೂಲೆಯಲ್ಲಿ ನಿಂತು ಬೇರೆಯೇ ರಾಗ ತೆಗೆದಿದ್ದಳು. ಭಾನುವಾರ ರಜೆಯೆಂದು ಶನಿವಾರ ಸಂಜೆ ಅವಳೇ ನೀರಿನ ಮಡಕೆ ತೊಳೆದು ಬೋರಲು ಹಾಕಿ ಹೋಗಿದ್ದಳಂತೆ. ಇವತ್ತು ನೋಡಿದರೆ ಮಡಕೆ ತುಂಬಿದೆ, ಮುಚ್ಚಳ ಮುಚ್ಚಿದೆ, ಸುತ್ತ ಹಸಿ ಗೋಣಿಚೀಲ.

"ಈ ಬಿಲ್ಡಿಂಗಿನ ಗಂಡಸರೊಳಗ ಒಬ್ಬನರೆ ಒಂದ್ ತಂಬಿಗಿ ನೀರು ತುಂಬಿಟ್ಟಾನೇನ್ರಿ ಸಾಹೇಬ್ರ? ಕಳ್ಳ ತುಂಬ್ಯಾನ. ಹಿಡದ್ರ ನನ್ ಕೈಗಿ ಕೊಡ್ರಿ, ಕೆಲಸಕ್ಕ ಇಟ್ಕೋತೀನಿ."

ಖಂಡಪ್ಪ ನಕ್ಕ. ಗುರಲಿಂಗಪ್ಪ ನಗಲಿಲ್ಲ; ಅದನ್ನೂ ಬರೆದುಕೋ ಅಂದರು.

ಮಧ್ಯಾಹ್ನ ಅವರು ಹೋದದ್ದು ಆ ಹದಿನಾಲ್ಕು ಜನ ಉಳಿದಿದ್ದ ಸಾಲುಕೋಣೆಗಳ ಚಾಳಿಗೆ. ಒಂದೇ ಖೋಲಿ, ಪಾಳಿಯ ಮೇಲೆ ನಿದ್ದೆ. ಕೆಲವರು ಊರಿನಲ್ಲಿ ಎಲ್ಲರಿಗೂ ಹೇಳಿ, ಹಾರ ಹಾಕಿಸಿಕೊಂಡು ಬಂದವರು. ಈಗ ಮುಂದೆ ಹೋಗುವಂತಿಲ್ಲ, ಹಿಂದೆ ಹೋದರೆ ಮುಖ ತೋರಿಸುವಂತಿಲ್ಲ. ಅವರಲ್ಲೊಬ್ಬ ಯಾಕೂಬ, ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗ; ಆ ಕೆಲಸ ಬಿಟ್ಟಾಗಿತ್ತು. ಬಾಗಿಲಿಗೆ ಒರಗಿ ಕೂತಿದ್ದ.

ಗುರಲಿಂಗಪ್ಪ ಮಡಕೆಯ ವಿಷಯ ಎತ್ತಿದಾಗ ಅಣವೀರಪ್ಪನೆಂಬುವನು, ಇದು ನಮ್ಮ ಕರೀಮಸಾಬನ ಕೆಲಸ ಇದ್ದಂಗ ಐತಲ್ಲ, ಎಂದು ಚೇಷ್ಟೆಗೆ ಅಂದ. ಯಾಕೂಬನ ಚಾಚಾ ಕರೀಮಸಾಬ ಯಾರ ಮನೆಗೆ ಹೋದರೂ ಖಾಲಿ ಕೊಡ ಕಂಡರೆ ತುಂಬಿಸದೆ ಏಳುವವನಲ್ಲವಂತೆ. ಮರಳುಗಾಡಿನಿಂದ ತಂದ ಚಟ, ಬೇರೆಯವರು ರೇಡಿಯೊ ತಂದರು, ಇವನು ಇದನ್ನು ತಂದ, ಎಂದು ಉಳಿದವರೂ ನಕ್ಕರು. ಯಾಕೂಬ ನಗಲಿಲ್ಲ. ತಲೆ ಎತ್ತಿ ಅಣವೀರಪ್ಪನ ಮುಖ ನೋಡಿದ, ಆಮೇಲೆ ಇನ್‌ಸ್ಪೆಕ್ಟರರ ಮುಖ ನೋಡಿದ. ನಗು ನಿಂತಿತು.

ಕರೀಮಸಾಬ ಸಿಕ್ಕದ್ದು ವಿಲೆ ಪಾರ್ಲೆಯಲ್ಲಿ, ವಿಮಾನ ನಿಲ್ದಾಣದ ಕಡೆಯ ರಸ್ತೆ ಕೆಲಸದ ಮೇಲೆ. ರೋಡ್ ರೋಲರ್ ಓಡಿಸುತ್ತಿದ್ದ. ಪೊಲೀಸರನ್ನು ಕಂಡು ಎಂಜಿನ್ ಬಂದ್ ಮಾಡಿ ಕೆಳಗಿಳಿದ.

"ನಿನ್ನೆ ಎಲ್ಲಿದ್ದಿ?"

"ಪೂವಪ್ಪನ ಆಫೀಸಿನ್ಯಾಗ್ರಿ."

"ಮಡಕಿ ಯಾಕ ತುಂಬಿದಿ?"

ಕರೀಮಸಾಬನಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. "ತುಂಬಿದ್ನೇನ್ರಿ?" ಅಂದ.

ಸೀಟಿನ ಕೆಳಗಿನ ಪಾನಾ ಪೆಟ್ಟಿಗೆಯಲ್ಲಿ ಹದಿನಾಲ್ಕೂ ಪಾಸ್‌ಪೋರ್ಟು ಇದ್ದವು, ಗ್ರೀಸ್ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಜಪ್ತಿ ಪಂಚನಾಮೆ ಆಯಿತು. ಕನ್ನಗಳವಿನ ಕಲಂ 454, 380ರ ಅಡಿ ದಸ್ತಗಿರಿ.

ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಬಹುಪಾಲು ಒಂದು ದಾರಿಯ ಕತೆ. ಕೊಲ್ಲಿಯಾಚೆಯ ಮರಳುಗಾಡಿನಲ್ಲಿ ಬಹಳ ಹಿಂದೆ ಎಣ್ಣೆ ಹುಡುಕುವ ಕಂಪನಿಯೊಂದು ಬುಲ್ಡೋಜರಿನಿಂದ ನೆಟ್ಟಗೆ ಗೀರಿದ ದಾರಿ. ಡಾಂಬರಿಲ್ಲ, ಕಲ್ಲಿಲ್ಲ, ಗುರುತಿಗೆ ಮರಳು ತುಂಬಿದ ಡ್ರಮ್ಮುಗಳ ಸಾಲು. ದಾರಿಯ ತುದಿಯಲ್ಲಿ ಬಾವಿ ಕೊರೆದರು, ಎಣ್ಣೆ ಬರಲಿಲ್ಲ, ಬಿಟ್ಟು ಹೋದರು. ಗಾಳಿ ತಂದ ಮರಳಿನಲ್ಲಿ ಡ್ರಮ್ಮುಗಳು ಹೂತುಹೋದವು. 1970ರಲ್ಲಿ ಇನ್ನೊಂದು ಕಂಪನಿ ಅದೇ ದಾರಿ ಕೆರೆದು ತೆರೆಯಲು ಜನ ಕರೆಯಿತು. ಕರೀಮಸಾಬ ಹೋದ; ಅವನ ಅಣ್ಣ, ಯಾಕೂಬನ ಅಪ್ಪ ರಾಜೇಸಾಬನೂ ಹೋದ. ದಾರಿಯುದ್ದಕ್ಕೂ ಅಲ್ಲಲ್ಲಿ ನೀರಿನ ಪೀಪಾಯಿ. ಟ್ಯಾಂಕರಿನವರು ಅದನ್ನು ತುಂಬಿಸದೆ ಮುಂದಕ್ಕೆ ಹೋಗುವಂತಿರಲಿಲ್ಲ; ಇದೊಂದೇ ಅಲ್ಲಿನ ಕಾಯಿದೆ. ಎರಡನೇ ಬಾವಿಯಲ್ಲೂ ಎಣ್ಣೆ ಇಲ್ಲ ಎಂದು ತಿಳಿದ ದಿನ ಗುತ್ತಿಗೆದಾರ ಎಲ್ಲರ ಪಾಸ್‌ಪೋರ್ಟು ಜೀಪಿನಲ್ಲಿಟ್ಟುಕೊಂಡು ಹೊರಟುಬಿಟ್ಟ, ಟ್ಯಾಂಕರು ಅವನ ಹಿಂದೆ. ಕೊನೆಯ ಕ್ಯಾಂಪಿನವರು ಹಾಗೇ ಉಳಿದರು. ಕಾಲಿಗೆ ಹಗ್ಗವಿರಲಿಲ್ಲ, ಆದರೆ ಹೋಗುವುದೆಲ್ಲಿಗೆ? ಕಾದು ಕಾದು ರಾಜೇಸಾಬ ಡ್ರಮ್ಮಿನ ಸಾಲು ಹಿಡಿದು ನಡೆದ. ಮೊದಲ ಪೀಪಾಯಿ ತಲುಪಿದ್ದ. ಅದನ್ನು ಯಾರೂ ತುಂಬಿಸಿರಲಿಲ್ಲ. ಕಡೆಗೆ ಉಳಿದವರನ್ನು ಕರೆದೊಯ್ಯಲು ಲಾರಿ ಬಂದಾಗ ಅಣ್ಣ ಅದರ ನೆರಳಿನಲ್ಲೇ ಹೆಣವಾಗಿ ಸಿಕ್ಕಿದ.

ಪೂವಪ್ಪ ಈಗ ಜನ ಕಳಿಸುತ್ತಿದ್ದದ್ದು ಅದೇ ದಾರಿಯನ್ನು ಮೂರನೇ ಸಲ ಕೆರೆಯಲು. ಪೂವಪ್ಪನಿಗೆ ಆ ದಾರಿಯ ಹಿಂದು ಮುಂದು ಗೊತ್ತಿರಲಿಲ್ಲ. ಯಾಕೂಬ ತೋರಿಸಿದ ನೌಕರಿಯ ಕಾಗದದಲ್ಲಿ ಕ್ಯಾಂಪಿನ ಹೆಸರು ಓದಿಸಿಕೊಂಡಾಗಲೇ ಕರೀಮಸಾಬನಿಗೆ ತಿಳಿದದ್ದು.

"ಹೋಗಬ್ಯಾಡ ಅಂದ್ರ, ಯಾಕ ಅಂತ ಕೇಳ್ತಾನ್ರಿ. ಏನ್ ಹೇಳ್ಲಿ? ಅಣ್ಣ ಜ್ವರ ಬಂದು ದವಾಖಾನ್ಯಾಗ ತೀರ್ಕೊಂಡ ಅಂತ ಊರಿಗಿ ನಾನಽ ಬರಸೀನಿ. ಈ ಹುಡುಗನ ಅವ್ವ ಅದರ ಮ್ಯಾಲೆ ಇಷ್ಟ್ ವರ್ಷ ಸಮಾಧಾನ ಮಾಡ್ಕೊಂಡಾಳ. ಅದನ್ನ ಹ್ಯಾಂಗ ಕಸ್ಕೊಳ್ಲಿ?"

ಕರೀಮಸಾಬನಿಗೆ ಓದು ಬರದು. ಪದ್ಧತಿಯಂತೆ ಗುರಲಿಂಗಪ್ಪ ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಪಾಸ್‌ಪೋರ್ಟಿನ ಗುರುತಿಗೆಂದು ಕರೆಸಿದ್ದ ಯಾಕೂಬ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ತೆರೆದೇ ಇತ್ತು. ಅದು ಅವರಿಗೆ ಹೊಳೆದದ್ದು ಹುಡುಗ ಒಳಗೆ ಬಂದು ನಿಂತಾಗ.

ಗುರಲಿಂಗಪ್ಪ ತಡವರಿಸಿ ಕಾನೂನು ಹೇಳಿದರು. ಇವು ಮುದ್ದೆಮಾಲು, ಜಪ್ತಿಯಾದ ಸಾಮಾನು, ಕೋರ್ಟಿಗೆ ಹೋಗುತ್ತವೆ. ಪೂವಪ್ಪನ ವಕೀಲರು ಅರ್ಜಿ ತಂದಿದ್ದಾರೆ, ಸಹಿ ಹಾಕಿದವರಿಗೆ ನಾಳೆಯೇ ವಾಪಸು ಸಿಗಬಹುದು, ಗುರುವಾರ ಹಾರಬಹುದು. ಹದಿಮೂರು ಜನ ಆಗಲೇ ಸಹಿ ಹಾಕಿದ್ದಾರೆ.

ಯಾಕೂಬ, ಗುರುತು ಹಿಡಿಯಲೆಂದು ಪೊಲೀಸರು ಕೈಗೆ ಕೊಟ್ಟಿದ್ದ ತನ್ನ ಪಾಸ್‌ಪೋರ್ಟು ಹಿಡಿದುಕೊಂಡೇ ಲಾಕಪ್ಪಿನ ಸರಳಿನ ಹತ್ತಿರ ಹೋದ.

"ಅವ್ವಗ ಗೊತ್ತೈತೇನ್ ಚಾಚಾ?"

"ಇಲ್ಲ."

"ನಾ ಏನ್ ಹೇಳ್ಲಿ?"

"ಜ್ವರ ಅಂತಽ ಇರ್ಲಿ," ಅಂದ ಕರೀಮಸಾಬ.

ಯಾಕೂಬ ಮೇಜಿನ ಹತ್ತಿರ ಬಂದ. ಅರ್ಜಿ ಬಿಚ್ಚಿಟ್ಟಿತ್ತು, ಪಕ್ಕದಲ್ಲಿ ಪೆನ್ನು. ಖಂಡಪ್ಪ ಉಳಿದ ಪಾಸ್‌ಪೋರ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಲು ಅಣಿಯಾಗಿದ್ದ. ಯಾಕೂಬ ಪೆನ್ನು ಮುಟ್ಟದೆ ತನ್ನದನ್ನು ಆ ಗಂಟಿನೊಳಕ್ಕೆ ತುರುಕಿದ. ಖಂಡಪ್ಪ ದಾರ ಎಳೆದು ಕಟ್ಟುವಾಗ, ಸಡಿಲವಾಗದಂತೆ ಯಾಕೂಬನೇ ಅದರ ಮೇಲೆ ಬೆರಳಿಟ್ಟು ಹಿಡಿದ.