ಆಷಾಢದ ಫೈನಲ್ ಮ್ಯಾಚು

ಸತ್ತೇಗಾಲದ ತವರುಮನೆಯ ಹಿತ್ತಿಲಲ್ಲಿ ಶಿವರತ್ನ ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದಳು. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿಸಿತು. ಒಮ್ಮೆ ಉದ್ದಕ್ಕೆ, ಆಮೇಲೆ ಚುಟುಕಾಗಿ. ಹಾಗೆ ಬೆಲ್ಲು ಹೊಡೆಯುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ.

ಕೈ ನಿಂತಿತು. ಮತ್ತೆ ಮೊದಲಿಗಿಂತ ಜೋರಾಗಿ ಸೀಳತೊಡಗಿತು.

ಮನೆಗೆಲಸದ ಚಿಕ್ಕನಿಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಓಡಿಬಂದಳು. "ಅವ್ವಾ, ನಿಮ್ಮ ಯಜಮಾನ್ರು ಬಂದವ್ರೆ ಕಣವ್ವ! ಆಸಾಡ್ದಲ್ಲಿ!"

"ಬಂದ್ರೆ ಬರ್ಲಿ. ಜಗಲಿ ಅದೆ, ಕೂತ್ಕತಾರೆ."

ವೈಶಾಖದಲ್ಲಿ ಮದುವೆಯಾಗಿ ಮುಳ್ಳೂರಿಗೆ ಹೋದವಳು ಗಂಡನ ಮುಖವನ್ನು ನೆಟ್ಟಗೆ ನೋಡಲು ಕಲಿಯುವಷ್ಟರಲ್ಲಿ ಆಷಾಢ ಬಂದಿತ್ತು. ಹೊಸ ಸೊಸೆ ತವರಿಗೆ ಬರಬೇಕು. ತಿಂಗಳು ಕಳೆಯುವವರೆಗೆ ಅಳಿಯ ಅತ್ತೆಮನೆಯ ಹೊಸಿಲು ದಾಟುವಂತಿಲ್ಲ. ಹೊರಡುವ ಹಿಂದಿನ ಸಂಜೆ ಗಂಡ ವೃಷಭೇಂದ್ರಪ್ಪ ಗುಟ್ಟಾಗಿ ಹೇಳಿದ್ದ: "ಕೊಳ್ಳೇಗಾಲದ ಸಂತೆಗೆ ನಿಮ್ಮವ್ವನ ಜೊತೇಲಿ ಬಾ. ಬಳೆಯಂಗ್ಡಿ ತಾವು ನಿಂತಿರ್ತೀನಿ. ಸಂತೆಗೆಲ್ಲಿ ಹೊಸಿಲು ಅದೆ?"

ಆ ಒಂದು ಮಾತನ್ನು ಅವಳು ಗಾಡಿಯ ದಾರಿಯುದ್ದಕ್ಕೂ ಹೊತ್ತು ತಂದಿದ್ದಳು.

ಸಂತೆಗೆ ಹೋದಳು. ಬಳೆ ತೊಟ್ಟಳು. ಸಾಲದೆಂದು ಇನ್ನೊಂದು ಬಣ್ಣ ನೋಡಿದಳು. ಬಳೆಗಾರನಿಗೇ ಬೇಜಾರಾಗಿ, "ಯಾರ್ಗವ್ವ ಕಾಯ್ತಾ ಇದ್ದೀ?" ಎಂದು ಕೇಳಿದ. ಗಂಡ ಬರಲಿಲ್ಲ. ಆಮೇಲೆ ಮುಳ್ಳೂರಿನಿಂದ ಸುದ್ದಿ ಬಂತು: ಯಜಮಾನ್ರು ಕಾಲ್ಚೆಂಡಿನ ಆಟ ನೋಡಲು ಬೆಂಗಳೂರಿಗೆ ಹೋಗಿದ್ದಾರೆ.

ಅಲ್ಲಿಂದಾಚೆಗೆ ಆಷಾಢದ ಗಾಳಿ ತೆಂಗಿನ ತೋಟದಲ್ಲಿ ಹಗಲೆಲ್ಲ ಹೊಯ್ದಾಡುತ್ತಿತ್ತು. ಮಧ್ಯಾಹ್ನ ಬೆಂಗಳೂರಿನ ಬಸ್ಸು ಊರ ಮುಂದೆ ಒಂದು ಗಳಿಗೆ ನಿಂತು, ಯಾರನ್ನೂ ಇಳಿಸದೆ ಕೊಳ್ಳೇಗಾಲದ ಕಡೆಗೆ ಹೋಗಿಬಿಡುತ್ತಿತ್ತು. ಧೂಳು ಅಡಗುವವರೆಗೂ ಅವಳು ಹಿತ್ತಿಲ ಬೇಲಿಯ ಬಳಿ ನಿಂತಿರುತ್ತಿದ್ದಳು. ಹುಟ್ಟಿದ ಮನೆಯೇ ಈಗ ನೆಂಟರ ಮನೆಯಂತೆ ಕಾಣುತ್ತಿತ್ತು.

ಅವ್ವ ಗುರುಬಸಮ್ಮನಿಗೆ ಕೈಕಾಲು ಆಡದು. ಅಳಿಯನನ್ನು ಒಳಗೆ ಕರೆಯುವಂತಿಲ್ಲ, ಹೊರಗೆ ಕೂರಿಸಲು ಮನಸ್ಸಿಲ್ಲ. ಜಗಲಿಗೆ ಕಂಬಳಿ ಹಾಸಿ, ಮಜ್ಜಿಗೆ ಕೊಟ್ಟು, "ಏನಪ್ಪಾಜಿ, ಇದ್ದಕ್ಕಿದ್ದಂಗೆ?" ಎಂದಳು.

"ತೆಂಗಿನ ಸಸಿ ಬೇಕಾಗಿತ್ತು ಅತ್ತೆಮ್ಮ. ಮಳೆ ಬಿದ್ದದಲ್ಲ."

"ಸೈಕಲ್ಲಲ್ಲಿ ಎಷ್ಟು ಸಸಿ ಒಯ್ತೀರಾ?" ಎಂದಳು ಚಿಕ್ಕನಿಂಗಮ್ಮ. ಗುರುಬಸಮ್ಮ ಅವಳ ರಟ್ಟೆ ಹಿಡಿದು ತೋಟಕ್ಕೆ ಎಳೆದುಕೊಂಡು ಹೋದಳು.

ಶಿವರತ್ನ ಬಾಗಿಲ ಹಿಂದೆ ಬಂದು ನಿಂತಳು. ಸಂದಿಯಿಂದ ಅವನ ಕಿವಿ, ಬಿಸಿಲಿಗೆ ಕಪ್ಪಾದ ಕತ್ತು, ಮಜ್ಜಿಗೆಯ ಲೋಟ ತಿರುಗಿಸುತ್ತಿದ್ದ ಬೆರಳು ಕಾಣುತ್ತಿದ್ದವು.

"ಬಳೆ ಚೆನ್ನಾಗವೆ," ಎಂದ ಅವನು, ತಿರುಗದೆ.

"ನೋಡ್ದಲೇ ಯೋಳ್ತೀರಲ್ಲ."

"ಸದ್ದು ಕೇಳ್ತದೆ."

"ಸಂತೇಲೂ ಸದ್ದು ಮಾಡ್ತಿದ್ವು. ಬೆಂಗಳೂರ್ಗಂಟ ಕೇಳಿಸ್ನಿಲ್ವೇನೊ."

ಲೋಟ ತಿರುಗಿಸುವುದು ನಿಂತಿತು. "ತಪ್ಪಾಯ್ತು ಕಣೆ. ಗೆಳೆಯ ಟಿಕೀಟು ತಂದ. ಬೆಂಗಳೂರಿನ ತಂಡ ಮೊದಲ್ನೇ ಆಟದಲ್ಲೇ ಸೋತೋಯ್ತದೆ, ಸಂತೆ ವೊತ್ಗೆ ಬಂದ್ಬುಡವ ಅನ್ಕಂಡೆ. ಅವ್ರು ಗೆಲ್ತಾನೇ ಓದ್ರು."

ಅವಳಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. "ಫೈನಲ್ಲು ಯಾರ ಮೇಲೆ?"

"ಮದ್ರಾಸಿನವರ ಮೇಲೆ. ಪಕ್ಕದಲ್ಲಿ ಕುಂತಿದ್ದೋನು 'ನೀವು ಕೊಳ್ಳೇಗಾಲ್ದೋರು, ನಿಮ್ಮೂರು ಮದ್ರಾಸ್ ಸರ್ಕಾರಕ್ಕೆ ಸೇರಿದ್ದು, ಅವರ ಕಡೆ ಕೂಗ್ರಿ' ಅಂತ ಅಣಕಿಸ್ದ. 'ಕಂದಾಯ ಅಲ್ಲಿಗೆ ಕಟ್ತೀವಿ, ಕೂಗಾದು ಕನ್ನಡದಲ್ಲಿ' ಅಂದೆ." ಅವನ ದನಿಗೆ ಹುರುಪು ಬಂತು. "ಆಟ ಕೆಟ್ಟಿದ್ದು ಬರಿಗಾಲಿಂದ ರತ್ನ. ಮಳೆ ಬಂದ ಮೈದಾನ, ಕೆಸರು. ನಮ್ಮೋರು ಬೂಟು ಹಾಕ್ನಿಲ್ಲ. ಚೆಂಡು ಸಿಕ್ಕಿದೋನು ಜಾರ್ದ."

"ಗದ್ದೆ ಕೆಸರಲ್ಲಿ ನಾವು ಬರಿಗಾಲಲ್ಲೇ ನಾಟಿ ಮಾಡಾದು. ಯಾರೂ ಜಾರಲ್ವಲ್ಲ?"

"ಗದ್ದೇಲಿ ಯಾರೂ ಓಡಲ್ಲ ಕಣೆ!"

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ನಡುವೆ ಹೊಸಿಲು ಮೊದಲಿಗಿಂತ ಅಗಲವಾಗಿ ಬಿದ್ದುಕೊಂಡಿತ್ತು.

"ಯಾರು ಗೆದ್ರು?" ಎಂದಳು. ಮುಳ್ಳೂರಿನಲ್ಲಿ ಈ ಪ್ರಶ್ನೆ ಕೇಳಿದರೆ ದೀಪದ ಎಣ್ಣೆ ಮುಗಿಯುವವರೆಗೂ ಉತ್ತರ ಬರುತ್ತಿತ್ತು.

"ಗೊತ್ತಿಲ್ಲ."

"ಅಂದ್ರೆ?"

"ಡ್ರಾ ಆಯ್ತು. ಮಾರ್ನೇ ದಿನ, ಅಂದ್ರೆ ನೆನ್ನೆ ಸಾಯಂಕಾಲ, ಮತ್ತೆ ಆಡುಸ್ತೀವಿ ಅಂದ್ರು. ವೊತ್ತು ಓಗ್ಲಿ ಅಂತ ಬೆಳಗ್ಗೆಯೇ ಲಾಲ್‌ಬಾಗು ನೋಡಕೋದೆ. ಅಲ್ಲೊಂದು ಗಾಜಿನ ಮನೆ ಅದೆ. ಆಕಾಸವೆಲ್ಲ ಮನೆ ಒಳಕ್ಕೇ ಬಂದಂಗೆ. 'ನೋಡು ರತ್ನ' ಅಂದ್ಬುಟ್ಟೆ, ಜೋರಾಗಿ. ಪಕ್ಕದಲ್ಲಿದ್ದ ಮುದುಕ 'ಏನಪ್ಪಾ?' ಅಂದ." ಅವನು ಲೋಟ ಕೆಳಗಿಟ್ಟ. "ಆಮೇಲೆ ಏನೂ ನೋಡಕಾಗ್ನಿಲ್ಲ. ಟಿಕೀಟು ಗೆಳೆಯನ್ ಕೈಗೆ ಕೊಟ್ಟು ಬಸ್ಸತ್ತಿದೆ."

ಅವಳು ಬಾಗಿಲನ್ನು ಒತ್ತಿ ಹಿಡಿದಳು.

"ಬಸ್ಸು ಇಲ್ಲೇ ನಿಂತಿತ್ತು. ಇಳೀಬೇಕು ಅಂತ ಎದ್ದೆ. ಆಸಾಡ ಅಂತ ಕುಂತ್ಕಂಡೆ. ಇವತ್ತು ಕುಂತ್ಕಳಾಕಾಗ್ನಿಲ್ಲ."

ನಿನ್ನೆ ಆ ಬಸ್ಸನ್ನೂ ಅವಳು ಬೇಲಿಯ ಬಳಿ ನಿಂತು ನೋಡಿದ್ದಳು. ಯಾರೂ ಇಳಿಯಲಿಲ್ಲವೆಂದು ಒಳಗೆ ಬಂದಿದ್ದಳು. ಹೇಳಲು ಹೋದರೆ ಅಳು ಬರುತ್ತಿತ್ತು. ಬೇರೆ ಮಾತು ಹೇಳಿದಳು.

"ಯಾರು ಗೆದ್ರು ಅಂತ ನಂಗೊತ್ತು. ಇವತ್ತಿನ ಬಸ್ಸಿನ ಕಂಡಕ್ಟ್ರು ಅಪ್ಪಯ್ಯಂಗೆ ಯೋಳಿದ್ರಂತೆ."

ಅವನು ಜಗಲಿಯಿಂದ ನೆಗೆದೇಬಿಟ್ಟ. ಮೊದಲ ಸಲ ಬಾಗಿಲಿನತ್ತ ತಿರುಗಿದ. ಅವಳ ಒಂದು ಕಣ್ಣು, ಅರ್ಧ ಕೆನ್ನೆ, ಹಸಿರು ಬಳೆ ಅವನಿಗೆ ಕಂಡವು. "ಯಾರು? ಯೋಳೆ!"

"ಯೋಳಲ್ಲ. ಆಸಾಡ ಕಳ್ದು, ಹೊಸಿಲು ದಾಟಿ, ಕರ್ಕಂಡೋಗಕೆ ಬನ್ನಿ. ಆವತ್ತು ಯೋಳ್ತೀನಿ."

"ಬೀದೀಲಿ ಯಾರ್ನ ಕೇಳಿದ್ರೂ ಯೋಳ್ತಾರೆ."

"ಕೇಳಿ. ಕೇಳ್ಬುಟ್ರೆ, ನಾನು ಸಂತೇಲಿ ನಿಂತಿದ್ದಿದ್ದು ನಿಮ್ಗೆ ಏನೂ ಅಲ್ಲ ಅನ್ಕತೀನಿ."

ಅವನು ಬಹಳ ಹೊತ್ತು ಆ ಅರ್ಧ ಮುಖವನ್ನು ನೋಡಿದ. ಆಮೇಲೆ ಹೆಗಲ ಟವೆಲ್ಲು ತೆಗೆದು ಎರಡೂ ಕಿವಿ ಮುಚ್ಚುವಂತೆ ತಲೆಗೆ ಸುತ್ತಿ, ಗಲ್ಲದ ಕೆಳಗೆ ಗಂಟು ಹಾಕಿಕೊಂಡ.

"ಸಸಿ?" ಎಂದಳು.

ಅವನಿಗೆ ಕೇಳಿಸಲಿಲ್ಲ. ಸೈಕಲ್ ಹತ್ತಿದ್ದ.

ಬೀದಿಯ ಕೊನೆಯ ಹೋಟೆಲಿನ ಮುಂದೆ ಶಿವರತ್ನಳ ಅಪ್ಪಯ್ಯ ಸದಾಶಿವಪ್ಪನೂ ಇನ್ನಿಬ್ಬರೂ ಅದೇ ಆಟದ ಮಾತು ಎತ್ತಿ ಜಗಳಕ್ಕೆ ಬಿದ್ದಿದ್ದರು. ಅಳಿಯನನ್ನು ಕಂಡು ಸದಾಶಿವಪ್ಪ ಕೈಯೆತ್ತಿ ಏನೋ ಕೂಗಿದ. ವೃಷಭೇಂದ್ರಪ್ಪ ತಲೆ ತಗ್ಗಿಸಿ, ಬೆಲ್ಲಿನ ಮೇಲಿಟ್ಟ ಹೆಬ್ಬೆರಳು ತೆಗೆಯದೆ, ಊರೆಲ್ಲ ಕಿವಿ ಮುಚ್ಚುವಂತೆ ಬಾರಿಸುತ್ತ ಅವರ ಮುಂದೆಯೇ ಹಾದುಹೋದ.

ಶಿವರತ್ನ ಹೊಸಿಲ ಒಳಗೆ ನಿಂತು ಕೇಳಿದಳು. ಬೆಲ್ಲು ತೋಪು ದಾಟಿತು, ಗದ್ದೆಯ ತಿರುವು ದಾಟಿತು, ತೆಳ್ಳಗಾಗಿ ಗಾಳಿಯಲ್ಲಿ ಸೇರಿತು. ಮನೆ ಮತ್ತೆ ಖಾಲಿಯಾಯಿತು. ಅವಳು ಮಜ್ಜಿಗೆಯ ಲೋಟವನ್ನು ಒಳಗೆ ತಂದು, ತೊಳೆಯದೆ, ಗೂಡಿನಲ್ಲಿ ಇಟ್ಟಳು.