ಮಂಡಕಳ್ಳಿಯಿಂದ ಮಂಗಳೂರಿಗೆ ಒಂದು ಗಂಟೆ ಐದು ನಿಮಿಷ

ಮೆಕ್ಯಾನಿಕ್ ಬಸವರಾಜು ಮಂಡಕಳ್ಳಿ ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಅಂಗಾತ ಬಿದ್ದಿದ್ದ. ಐದು ಏಟಿಗೆ ತಲೆಯ ಎಡಭಾಗ ಒಡೆದುಹೋಗಿತ್ತು. ಪಕ್ಕದಲ್ಲೇ ರಕ್ತ ಮೆತ್ತಿದ ದೊಡ್ಡ ಸ್ಪ್ಯಾನರ್. ಬೆಳಿಗ್ಗೆ ಏಳು ಮುಕ್ಕಾಲಿಗೆ ಡ್ಯೂಟಿಗೆ ಬಂದ ಕಾವಲುಗಾರ ಮಹದೇವಯ್ಯ ಅದನ್ನು ಕಂಡು ಬಾಗಿಲಲ್ಲೇ ಕುಸಿದು ಕೂತ.

ಅದು 2004ರ ಫೆಬ್ರವರಿ. ಆಗಿನ್ನೂ ಅಲ್ಲಿ ಪ್ರಯಾಣಿಕರ ವಿಮಾನಗಳಿರಲಿಲ್ಲ. ಒಂದು ಖಾಸಗಿ ಕಂಪನಿಯ ನಾಲ್ಕು ಸೀಟಿನ ಪುಟ್ಟ ವಿಮಾನ ಮಾತ್ರ.

ಮಧ್ಯಾಹ್ನದೊಳಗೆ ಚೆಲುವರಾಜು ಸಿಕ್ಕಿಬಿದ್ದ. ಬಸವರಾಜು ಕೆಲಸ ಬಿಡಿಸಿದ್ದ ವೆಲ್ಡರ್. ಹಿಂದಿನ ದಿನ ಇಬ್ಬರೂ ಹೊಡೆದಾಡಿದ್ದರು. ಲಾಕಪ್ಪಿನಲ್ಲಿ ಅವನ ಎರಡು ಹಲ್ಲು ಉದುರಿದವು. ಆದರೂ ಅವನದು ಒಂದೇ ಮಾತು— "ನಾನಲ್ಲ ಸಾಮಿ."

ಇನ್ಸ್‌ಪೆಕ್ಟರ್ ಸಿದ್ದಲಿಂಗಸ್ವಾಮಿ ಪೇದೆಯ ಕೈಯಿಂದ ಲಾಠಿ ಕಿತ್ತು ಮೂಲೆಗೆಸೆದು, ರಾಮಕೃಷ್ಣನಗರದಲ್ಲಿದ್ದ ಬಸವರಾಜುವಿನ ಮನೆಗೆ ಹೋದರು.

"ಏಳು ಹತ್ತಕ್ಕೆ ಫೋನ್ ಮಾಡಿದ್ರು," ಎಂದಳು ಹೆಂಡತಿ ವಸಂತಮ್ಮ. "ಮಾತಾಡ್ತಾ ಮಾತಾಡ್ತಾ, ಯಾರೋ ಬಂದ್ರು ಕಣೆ, ಇಡ್ತೀನಿ ಅಂದ್ಬುಟ್ರು."

"ಯಾರ ಮೇಲಾದ್ರೂ ಸಿಟ್ಟಿತ್ತಾ?"

"ಪೈಲಟ್ ದಿಲೀಪ್ ಕುಡಿದು ವಿಮಾನ ಓಡಿಸ್ತಾನೆ, ಮೇಲಿನೋರಿಗೆ ಬರೀತೀನಿ ಅಂತಿದ್ರು."

ಸಂಜೆ ಮಂಗಳೂರಿನಿಂದ ಮರಳಿದ ದಿಲೀಪ್ ಠಾಣೆಗೆ ಬಂದ. ನಿರಾಳವಾಗಿ ಕೂತ.

"ನಾನು ಏಳಕ್ಕೇ ಹೊರಟೆ ಸಾರ್. ಪುಸ್ತಕದಲ್ಲಿ ಬರೆದಿದ್ದೀನಿ."

"ಬರೆದವರು ನೀವೇ. ನೋಡಿದವರು ಯಾರೂ ಇಲ್ಲ. ಮಂಗಳೂರಲ್ಲಿ ಇಳಿದದ್ದು?"

"ಎಂಟು ಇಪ್ಪತ್ತೈದು. ಅಲ್ಲಿನ ಟವರಿನವರನ್ನೇ ಕೇಳಿ."

"ಕೇಳಿದ್ದೇನೆ, ಸರಿಯಾಗಿದೆ. ಆದರೆ ಇನ್ನೂರು ಕಿಲೋಮೀಟರ್ ದಾರಿ. ನಿಮಗೆ ಯಾವಾಗಲೂ ಒಂದು ಗಂಟೆ ಐದು ನಿಮಿಷ ಸಾಕು. ಇವತ್ತು ಇಪ್ಪತ್ತು ನಿಮಿಷ ಹೆಚ್ಚು?"

"ಎದುರುಗಾಳಿ ಇತ್ತು ಸಾರ್."

ಸಿದ್ದಲಿಂಗಸ್ವಾಮಿ ಎರಡು ಚೀಟಿ ಮುಂದಿಟ್ಟರು.

"ನಿನ್ನೆ ಸಂಜೆ ಬಸವರಾಜು ಟ್ಯಾಂಕ್ ತುಂಬಿಸಿದ. ಅವನ ಸಹಿ ಇದೆ. ಮಂಗಳೂರಿನಲ್ಲಿ ಇಳಿದ ಕೂಡಲೇ ನೀವು ಮತ್ತೆ ಪೂರ್ತಿ ತುಂಬಿಸಿದಿರಿ— ಮೂವತ್ತೆಂಟು ಲೀಟರ್. ಗಂಟೆಗೆ ಮೂವತ್ತೈದು ಲೀಟರ್ ಕುಡಿಯೋ ಇಂಜಿನ್ ಅದು. ಮೂವತ್ತೆಂಟಕ್ಕೆ ಎಷ್ಟು ಹೊತ್ತು ಹಾರುತ್ತೆ?"

ದಿಲೀಪ್ ಚೀಟಿಗಳತ್ತ ಬಗ್ಗಿದ. ಸಿದ್ದಲಿಂಗಸ್ವಾಮಿಯವರೇ ಲೆಕ್ಕ ಹೇಳಿದರು.

"ಒಂದು ಗಂಟೆ ಐದು ನಿಮಿಷ. ಎದುರುಗಾಳಿ ಇದ್ದಿದ್ದರೆ ಐವತ್ತು ಲೀಟರ್ ಆಗಬೇಕಿತ್ತು. ಗಾಳಿ ವಿಮಾನವನ್ನು ತಡೆಯಬಹುದು, ಇಂಜಿನ್ನಿನ ಬಾಯಿ ಕಟ್ಟೋದಿಲ್ಲ. ಎಲ್ಲರೂ ಗಡಿಯಾರ ನೋಡಿದರು, ಟ್ಯಾಂಕ್ ನೋಡಲಿಲ್ಲ. ನೀನು ಹೊರಟದ್ದು ಏಳಕ್ಕಲ್ಲ, ಏಳು ಇಪ್ಪತ್ತಕ್ಕೆ. ಬಸವರಾಜುವನ್ನು ಕೊಂದವನು ನೀನೇ."

ದಿಲೀಪ್ ಕುರ್ಚಿ ಎತ್ತಿ ಬೀಸಿದ. ಇನ್ಸ್‌ಪೆಕ್ಟರರ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಮೂವರು ಪೇದೆಗಳು ಅವನನ್ನು ನೆಲಕ್ಕೆ ಒತ್ತಿ ಹಿಡಿದರು.

"ಬಸವರಾಜು ಮೊದಲ ಏಟಿಗೇ ಬಿದ್ದಿದ್ದನಲ್ಲ," ಕರವಸ್ತ್ರ ಒತ್ತಿಕೊಳ್ಳುತ್ತ ಕೇಳಿದರು ಸಿದ್ದಲಿಂಗಸ್ವಾಮಿ. "ಮತ್ತೆ ನಾಲ್ಕು ಏಟು ಯಾಕೆ?"

ದಿಲೀಪ್ ನೆಲಕ್ಕೆ ಕೆನ್ನೆ ಒತ್ತಿಕೊಂಡೇ ಹೇಳಿದ:

"ದೂರಿನ ಕಾಗದ ಹರಿದು ಹಾಕ್ತೀನಿ, ಬಿಟ್ಟುಬಿಡು ಅಂತ ಕೈ ಮುಗಿದ. ನಾನು ನಂಬಲಿಲ್ಲ."